ಕೂಗಳತೆ ದೂರದ ಮನೆ

"ಇನ್ನು ಮೇಲೆ ಸೂರ್ಯ ಹುಟ್ಟುವ ಮೊದಲು ನನ್ನ ತಲೆಗೆ ಬಿಸಿನೀರು ಬೀಳದಿದ್ದರೆ ಜವರನ ಕೆಲಸ ಹೋಯಿತು!" ಎಂದು ನಡುಹೊಳೆ ಕೋಟೆಯ ದೊರೆ ಬೊಮ್ಮರಸ ಗುಡುಗಿದ. ತಲೆಗೆ ಹಚ್ಚಿದ್ದ ಎಣ್ಣೆ ಇಳಿದು ಇಳಿದು ಮೀಸೆಯ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು.

ದೊರೆಯ ತಲೆಗೆ ನೀರು ಹೊಯ್ಯುವ ಹಕ್ಕು ತಲೆತಲಾಂತರದಿಂದ ಜವರನ ಮನೆತನದ್ದು. ಬೇರೆ ಯಾರೂ ಆ ತಂಬಿಗೆ ಮುಟ್ಟುವಂತಿರಲಿಲ್ಲ.

ಜವರ ಕೈಮುಗಿದ. "ಏನ್ ಮಾಡ್ಲಿ ಬುದ್ಧಿ, ಹೊಳೆ ಮಧ್ಯದ ಕೋಟೆಗೆ ಬರಕ್ಕೆ ಹರಿಗೋಲೇ ಗತಿ. ದಡದಲ್ಲಿ ಹರಿಗೋಲು ಹತ್ತೋ ಕಡವಿನ ಹತ್ರ ಬಾಡಿಗೆ ಮನೆ ಕೇಳಿದ್ರೆ ಮೈಮೇಲಿನ ಬಟ್ಟೆನೂ ಬಿಚ್ಕೋತಾರೆ. ಕಲ್ಲುಗುಡ್ಡದ ಆಚೆಯಿಂದ ನಡ್ಕೊಂಡು ಬರೋ ಹೊತ್ಗೆ ಮೊದಲ್ನೇ ಹರಿಗೋಲು ಹೊಂಟೋಗಿರ್ತದೆ."

ಆಸ್ಥಾನದ ಜಾಣ ಗಿರಿಯಣ್ಣನಿಗೆ ಪಾಪ ಅನ್ನಿಸಿತು. "ಪ್ರಭೂ, ಬೊಕ್ಕಸದಿಂದ ಹಣ ಕೊಟ್ಟು ಕಡವಿನ ಪಕ್ಕದಲ್ಲೇ ಕಡಿಮೆ ಬಾಡಿಗೆಯ ಮನೆ ಕಟ್ಟಿಸಿ. ಜವರನೂ ಹೊತ್ತಿಗೆ ಸರಿಯಾಗಿ ಬರುತ್ತಾನೆ, ದೋಸೆ ಹುಯ್ಯುವವರೂ ಬರುತ್ತಾರೆ."

ದೋಸೆ ಎಂದೊಡನೆ ದೊರೆ ಒಪ್ಪಿಬಿಟ್ಟ.

ಭಂಡಾರಿ ಪದ್ಮರಸನ ಎದೆ ಮಾತ್ರ ಧಸಕ್ಕೆಂದಿತು. ಕಡವಿನ ಪಕ್ಕದ ಅರಮನೆಯ ಜಾಗದಲ್ಲಿ ಅವನು ಬಾತುಕೋಳಿ ಸಾಕಿಕೊಂಡಿದ್ದ. ಹೆಂಡತಿಯ ಜೊತೆ ಆಡದ ಮುದ್ದಿನ ಮಾತನ್ನೆಲ್ಲ ಅವುಗಳ ಜೊತೆ ಆಡುತ್ತಿದ್ದ.

"ಕಟ್ಟಿಸೋಣ ಪ್ರಭೂ, ಧಾರಾಳವಾಗಿ ಕಟ್ಟಿಸೋಣ," ಎಂದ ಭಂಡಾರಿ. "ಆದರೆ ಕಡವಿನ ಪಕ್ಕವೇ ಯಾಕೆ? ಕಲ್ಲುಗುಡ್ಡದ ಮೇಲೆ ಬೇಕಾದಷ್ಟು ಜಾಗ ಬಿದ್ದಿದೆ. ದೂರವೇನಿಲ್ಲ, ಕೂಗಳತೆ. ಇಲ್ಲಿ ಕೂಗಿದರೆ ಅಲ್ಲಿ ಕೇಳುತ್ತದೆ."

ಆ ಸೀಮೆಯವರು ದೂರ ಅಳೆಯುತ್ತಿದ್ದುದೇ ಕೂಗಿನಲ್ಲಿ. ಆದರೆ ಅಳೆದು ನೋಡಿದವರು ಯಾರು?

"ಹಾಗಾದರೆ ಅಳೆದೇ ಬಿಡೋಣ," ಎಂದ ಗಿರಿಯಣ್ಣ. "ಬರುವ ಶನಿವಾರ ಪ್ರಭುಗಳ ಎಣ್ಣೆಸ್ನಾನ ಕಡವಿನ ಮೆಟ್ಟಿಲ ಮೇಲಾಗಲಿ. ಜವರ ಗುಡ್ಡದ ಮೇಲೆ ಕೂತಿರಲಿ. ಭಂಡಾರಿಗಳು ಕೂಗಲಿ. ಕೇಳಿಸಿದರೆ ಮನೆ ಗುಡ್ಡದ ಮೇಲೆ, ಇಲ್ಲದಿದ್ದರೆ ಕಡವಿನ ಪಕ್ಕ."

ಮೋಸದ ಮಾತು ಬರಬಾರದೆಂದು ಭಂಡಾರಿಯ ಭಾವಮೈದುನನನ್ನೇ ಜವರನ ಜೊತೆ ಕೂರಿಸಿದ್ದಾಯಿತು.

ಶನಿವಾರ ಬಂತು. ಹಂಡೆಯಲ್ಲಿ ನೀರು ಕುದಿಯಿತು. ದೊರೆ ತಲೆತುಂಬ ಸೀಗೆಪುಡಿ ತಿಕ್ಕಿಕೊಂಡು ಮೆಟ್ಟಿಲ ಮೇಲೆ ಕೂತ.

"ಹೂಂ, ನೀರು!"

"ಜವರಾ!" ಎಂದು ಭಂಡಾರಿ ಕೂಗಿದ. ಗುಡ್ಡ ಮಿಸುಕಲಿಲ್ಲ.

"ಏ ಜವರಾಆಆ!"

ತಮ್ಮನ್ನೇ ಕರೆದರೆಂದು ಬಾತುಕೋಳಿಗಳೆಲ್ಲ ಬುಳುಬುಳು ಓಡಿಬಂದು ದೊರೆಯನ್ನು ಸುತ್ತುವರಿದವು. ಒಂದಂತೂ ಸೀಗೆಪುಡಿಯ ಬಟ್ಟಲಿಗೇ ಮೂತಿ ಹಾಕಿ ಸೀನಿತು.

"ಅಯ್ಯಯ್ಯೋ, ಕಣ್ಣುರಿ! ಯಾರಾದರೂ ನೀರು ಹೊಯ್ಯಿರಯ್ಯಾ!"

"ಆ ಹಕ್ಕು ಜವರನದು ಪ್ರಭೂ," ಎಂದ ಗಿರಿಯಣ್ಣ ವಿನಯವಾಗಿ. "ಸ್ವಲ್ಪ ತಡೆದುಕೊಳ್ಳಿ. ಕೂಗಳತೆ ದೂರದಲ್ಲೇ ಇದ್ದಾನೆ."

ತಡೆಯಲಾರದೆ ದೊರೆ ಹೊಳೆಗೇ ಧುಮುಕಿದ. ಹಿಂದೆಯೇ ಬಾತುಕೋಳಿಗಳೂ ಧುಮುಕಿದವು.

ಎಷ್ಟೋ ಹೊತ್ತಿನ ಮೇಲೆ ಭಾವಮೈದುನ ಕಣ್ಣುಜ್ಜಿಕೊಳ್ಳುತ್ತ ಗುಡ್ಡದಿಂದ ಇಳಿದು ಬಂದ. "ಯಾಕೆ ಭಾವ, ಇನ್ನೂ ಕೂಗಲೇ ಇಲ್ಲವಾ? ನಂಗೆ ಒಳ್ಳೇ ನಿದ್ದೆ ಬಂದುಬಿಡ್ತು." ಅವನ ಹಿಂದೆ ನಿಂತ ಜವರ ನಗು ನುಂಗಿಕೊಂಡ.

ಕಣ್ಣು ಕೆಂಪಗೆ ಮಾಡಿಕೊಂಡಿದ್ದ ದೊರೆ ಅಪ್ಪಣೆ ಕೊಟ್ಟ: "ಮನೆಗಳು ಇಲ್ಲೇ ಏಳಲಿ. ಖರ್ಚು ಬೊಕ್ಕಸದ್ದು. ಬಾಡಿಗೆ ಜವರನಂಥವರಿಗೆ ಎಟುಕುವಷ್ಟೇ ಇರಲಿ. ಬಾತುಕೋಳಿಗಳು ಗುಡ್ಡಕ್ಕೆ ಹೋಗಲಿ, ಅಲ್ಲಿ ಬೇಕಾದಷ್ಟು ಜಾಗವಿದೆಯಂತಲ್ಲ!"

"ಪ್ರಭೂ, ಗುಡ್ಡದ ಮೇಲೆ ಹೊಳೆ ಎಲ್ಲಿದೆ?" ಎಂದ ಭಂಡಾರಿ, ಅಳುಮೋರೆ ಮಾಡಿಕೊಂಡು. ಜವರನನ್ನು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. "ಈಜಾಡಲು ನೀರಿಲ್ಲದಿದ್ದರೆ ಪಾಪದವು ಏನು ಮಾಡಬೇಕು?"

ಗಿರಿಯಣ್ಣ ಅವನ ಬೆನ್ನು ಸವರಿದ.

"ಅದಕ್ಕೇಕೆ ಚಿಂತೆ ಭಂಡಾರಿಗಳೇ? ಗುಡ್ಡದ ಮೇಲೆ ನಿಂತು ಹೊಳೆಯನ್ನು ಒಂದು ಸಲ ಕೂಗಿ. ಕೂಗಳತೆ ದೂರ ತಾನೆ, ಬಂದುಬಿಡುತ್ತದೆ!"