ನೀಲವ್ವನ ತಲೆಕೆಳಗಾದ ಪುರಾಣ

ಶಿವನ ಲೀಲೆ ಗುಡಿಯಲ್ಲೇ ನಡೆಯಬೇಕೆಂದೇನಿಲ್ಲ. ಒಮ್ಮೆ ಒಂದು ಟ್ಯಾಬಿನಲ್ಲೂ ನಡೆಯಿತು.

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಅಲ್ಲಿ ಗುರುಸಿದ್ಧ ಅಜ್ಜಾರು, ಅವರ ಶಿಷ್ಯ ಚನ್ನವೀರ.

ಶ್ರಾವಣದಲ್ಲಿ ಪುರಾಣ ಓದುವವರಿಗೆಂದು ಚನ್ನವೀರ ಒಂದು ತಂತ್ರಾಂಶ ಬರೆದಿದ್ದ. ಟ್ಯಾಬಿನ ಮೇಲೆ ಪುರಾಣಗಳು ದೊಡ್ಡ ಅಕ್ಷರದಲ್ಲಿ ಮೂಡುತ್ತಿದ್ದವು. ಆ ತಂತ್ರಾಂಶಕ್ಕೆ ಬೀಗವಿರಲಿಲ್ಲ. ಯಾರು ಬೇಕಾದರೂ ಅದರ ಒಳಗನ್ನು ಓದಬಹುದಿತ್ತು, ತಪ್ಪು ಕಂಡರೆ ತಿದ್ದಿ ಕಳಿಸಬಹುದಿತ್ತು.

ಮಠದಲ್ಲಿ ನಲವತ್ತು ಶ್ರಾವಣಗಳಿಂದ ಪುರಾಣ ಓದುತ್ತಿದ್ದವಳು ನೀಲವ್ವ. ಕಣ್ಣು ಮಂಜಾಗಿದ್ದರಿಂದ ಈ ವರ್ಷ ಪುಸ್ತಕ ಬಿಟ್ಟು ಟ್ಯಾಬು ಹಿಡಿದಿದ್ದಳು.

ಮೂರನೆಯ ದಿನ ಆಕೆ ಚನ್ನವೀರನ ಮುಂದೆ ಬಂದು ನಿಂತಳು.

"ತಮ್ಮಾ, ನಾ ತೆರದರ ಪುರಾಣ ತಲೆಕೆಳಗ ಬರತೈತಿ. ಉಳಿದವ್ರು ತೆರದರ ನೆಟ್ಟಗ ಬರತೈತಿ."

"ಟ್ಯಾಬನ್ನ ತಿರುಗಿಸಿ ಹಿಡಕೊಂಡು ಓದು ಯವ್ವಾ."

"ಹಂಗ ಓದೀನಿ. ಓದಾಕ ಬರೂದಿಲ್ಲ ಅಂತ ನಾ ಎಲ್ಲಿ ಅಂದೆ? ಶಿವ ನನಗೊಬ್ಬಾಕಿಗೆ ಯಾಕ ಬೆನ್ನು ಮಾಡ್ಯಾನ ಅಂತ ಕೇಳಾಕತ್ತೀನಿ."

ಚನ್ನವೀರ ಟ್ಯಾಬನ್ನು ಮೇಜಿನ ಮೇಲಿಟ್ಟು ತೆರೆದ. ನೆಟ್ಟಗಿತ್ತು. ಮುಚ್ಚಿ ತೆರೆದ, ಮತ್ತೆ ತೆರೆದ. ನೆಟ್ಟಗೇ ಇತ್ತು.

ತಾನು ಬರೆದದ್ದನ್ನೆಲ್ಲ ಸಾಲುಸಾಲಾಗಿ ಓದಿದ. ದೂರದೂರಿನ ಗೆಳೆಯರೂ ಓದಿದರು. ಯಾರಿಗೂ ಏನೂ ಸಿಗಲಿಲ್ಲ. ಅವರಲ್ಲೊಬ್ಬ, "ಓದುವವರೇ ತಲೆಕೆಳಗಾಗಿ ಕೂತಿರಬೇಕು ನೋಡಿ" ಎಂದು ಬರೆದ. ಎಲ್ಲರೂ ನಕ್ಕರು. ಚನ್ನವೀರನೂ ನಕ್ಕ.

ಎಲ್ಲರೂ ನೋಡಬಹುದಾದ ದೂರುಗಳ ಪಟ್ಟಿಯಲ್ಲಿ ನೀಲವ್ವನ ದೂರಿನ ಕೆಳಗೆ, "ಇಂಥ ದೋಷ ಇಲ್ಲ" ಎಂದು ಬರೆದು ಮುಚ್ಚಿಬಿಟ್ಟ.

ಮರುದಿನ ನೀಲವ್ವ ಟ್ಯಾಬನ್ನು ತಂದು ಅಜ್ಜಾರ ಪಾದದ ಬಳಿ ಇಟ್ಟಳು.

"ನಾಳೆಯಿಂದ ಬ್ಯಾರೆ ಯಾರಾದ್ರೂ ಓದಲಿ ಅಜ್ಜಾರ. ನಾ ಏನು ಪಾಪ ಮಾಡೀನೋ ಏನೋ, ನನ್ನ ಓದು ಶಿವಗ ಬ್ಯಾಡಾಗೇತಿ."

ಅಜ್ಜಾರು ಚನ್ನವೀರನನ್ನು ಕರೆದರು.

"ತಪ್ಪು ಸಿಗಲಿಲ್ಲೇನಪಾ?"

"ಇದ್ರ ಸಿಗತಿತ್ತು ಅಜ್ಜಾರ. ನಾನೊಬ್ಬನ ಅಲ್ಲ, ಮಂದಿ ಎಲ್ಲಾ ನೋಡ್ಯಾರ."

"ಏನು ನೋಡ್ಯಾರ?"

"ನಾ ಬರದಿದ್ದನ್ನ."

"ನೀಲವ್ವ ಓದೂದನ್ನ ಯಾರು ನೋಡ್ಯಾರ?"



ಅಜ್ಜಾರು ಒಂದು ಚಾಪೆ ಕೊಟ್ಟರು. "ಇವತ್ತು ಆಕಿ ಬಾಜೂ ಕೂಡು. ಬಾಯಿ ತೆರೀಬ್ಯಾಡ."

ಸಂಜೆ ಚನ್ನವೀರ ಚಾಪೆ ಹಾಸಿ ಕೂತ.

ನೀಲವ್ವ ಕೈ ತೊಳೆದು ಬಂದಳು. ಬೆರಳುಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸಿಕೊಂಡಳು. ಸೆರಗು ತಲೆಯ ಮೇಲೆ ಹೊದ್ದು, ಪುರಾಣದ ಹೆಸರನ್ನು ಮೆಲ್ಲಗೆ ಒತ್ತಿದಳು. ಪುಟಕ್ಕಿಂತ ಮೊದಲು ಗದ್ದುಗೆಯ ಮೇಲಿನ ಶಿವಲಿಂಗದ ಚಿತ್ರ ಮೂಡಿತು.

ಕೂಡಲೇ ಆಕೆ ಟ್ಯಾಬನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಹಚ್ಚಿಕೊಂಡಳು. ಹಚ್ಚಿಕೊಂಡೇ ಬಾಗಿದಳು. ಬಾಗಿದಳು, ಬಾಗಿದಳು, ಟ್ಯಾಬಿನ ಮೇಲ್ತುದಿ ಇನ್ನೇನು ನೆಲ ಮುಟ್ಟಬೇಕು, ಅಷ್ಟು ಬಾಗಿದಳು.

ತಲೆ ಎತ್ತಿದಾಗ ಪುರಾಣ ತಲೆಕೆಳಗಾಗಿತ್ತು.

ಚನ್ನವೀರನಿಗೆ ನಗು ಉಕ್ಕಿತು. ಪುಟ ತೆರೆಯುವಾಗ ಮೇಲು ಯಾವುದು, ಕೆಳಗು ಯಾವುದು ಎಂದು ಯಂತ್ರ ಒಮ್ಮೆ ಮಾತ್ರ ನೋಡಿಕೊಳ್ಳಲಿ, ಓದುವಾಗ ಪುಟ ಹೊರಳದಿರಲಿ ಎಂದು ಅವನೇ ಬರೆದಿದ್ದ. ಯಂತ್ರ ನೋಡಿಕೊಳ್ಳುವ ಆ ಗಳಿಗೆಗೇ ನೀಲವ್ವ ಬಾಗಿರುತ್ತಿದ್ದಳು.

ಆಕೆಯ ಕಣ್ಣು ತುಂಬಿದ್ದು ಕಂಡು ನಗು ಅಲ್ಲಿಗೇ ನಿಂತಿತು.

ಬಾಯಿ ತೆರೆಯಬಾರದೆಂಬುದು ಮರೆತುಹೋಯಿತು. "ಯವ್ವಾ, ಮೊದಲ ನಮಸ್ಕಾರ ಮಾಡು, ಆಮ್ಯಾಲೆ ತೆರಿ. ಎಲ್ಲಾ ಸರಿ ಹೋಗತೈತಿ."

ನೀಲವ್ವ ಅವನ ಮುಖ ನೋಡಿದಳು. "ಸ್ವಾಮಿ ಎದುರಿಗೆ ಬರೂಕಿಂತ ಮೊದಲ ಯಾರಿಗೆ ಬಾಗಲಿ ತಮ್ಮಾ?"

ಚನ್ನವೀರ ಎದ್ದು ಹೋಗಿ ತನ್ನ ಬರಹವನ್ನೇ ತಿದ್ದಲು ಕೂತ. ತಿದ್ದಬೇಕಾದದ್ದು ಎರಡೇ ಸಾಲು. ಆದರೆ ಅದು ಸರಿಯಾಯಿತೋ ಇಲ್ಲವೋ ಎಂಬುದು ಮೇಜಿನ ಮೇಲಿಟ್ಟರೆ ತಿಳಿಯುವಂತಿರಲಿಲ್ಲ. ಟ್ಯಾಬನ್ನು ಹಣೆಗೆ ಹಚ್ಚಿ, ನೆಲದವರೆಗೆ ಬಾಗಿ ನೋಡಿದ. ತಲೆಕೆಳಗು. ತಿದ್ದಿ ಮತ್ತೆ ಬಾಗಿದ. ಎಷ್ಟು ಸಲ ಬಾಗಿದನೋ ಶಿವನೇ ಬಲ್ಲ. ಕೊನೆಗೊಮ್ಮೆ ತಲೆ ಎತ್ತಿದಾಗ ಅಕ್ಷರಗಳು ನೆಟ್ಟಗೆ ನಿಂತು ಅವನನ್ನು ನೋಡುತ್ತಿದ್ದವು.

ಮುಚ್ಚಿದ್ದ ದೂರನ್ನು ತೆರೆದು ಎಲ್ಲರಿಗೂ ಕಾಣುವಂತೆ ಬರೆದ: "ನೀಲವ್ವ ಹೇಳಿದ್ದು ನಿಜ. ನೋಡದೆ ಮುಚ್ಚಿದವನು ನಾನು."

ಮರುಸಂಜೆ ನೀಲವ್ವ ಎಂದಿನಂತೆ ಬಾಗಿ ಎದ್ದಳು. ಪುಟ ನೆಟ್ಟಗಿತ್ತು. ಆಕೆ ಚನ್ನವೀರನ ಕಡೆ ತಿರುಗಿದಳು.

"ಶಿವ ಸಿಟ್ಟಾಗಿರಲಿಲ್ಲೇನು ತಮ್ಮಾ?"

"ಇಲ್ಲ ಯವ್ವಾ. ನೀ ಬಾಗಿದಾಗ ಪುರಾಣನೂ ನಿನ್ನ ಕೂಡ ಬಾಗತಿತ್ತು. ಮ್ಯಾಲೆ ಏಳೂದು ಅದಕ್ಕ ಗೊತ್ತಾಗತಿರಲಿಲ್ಲ, ಅಷ್ಟ."

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಓದತೊಡಗಿದಳು.

ಪುರಾಣ ಮುಗಿದು ಮಂದಿ ಹೊಳೆಯ ದಾರಿ ಹಿಡಿದ ಮೇಲೆ, ಚನ್ನವೀರ ಅಜ್ಜಾರ ಬಳಿ ಬಂದು ಕೂತ.

"ಅಷ್ಟು ಮಂದಿ ಹುಡುಕಿದ್ರೂ ಸಿಗಲಿಲ್ಲ ಅಜ್ಜಾರ. ತಪ್ಪು ಎಲ್ಲೈತಿ ಅಂತ ನಿಮಗ ಹೆಂಗ ಗೊತ್ತಾತು?"

"ಅದು ನನಗೆಲ್ಲಿ ಗೊತ್ತಿತ್ತಪಾ?" ಎಂದರು ಅಜ್ಜಾರು. "ನೀಲವ್ವ ಸುಳ್ಳು ಹೇಳಾಕಿ ಅಲ್ಲ ಅನ್ನೂದು ಗೊತ್ತಿತ್ತು."