ದಾರಿಯಲ್ಲಿದ್ದ ಗೊಂಬೆ

ನಿಜಗುಣನೆಂಬ ಶಿಷ್ಯ ತಾನು ಬರೆದ ಕತೆಯೊಂದನ್ನು ಗುರುಗಳ ಮುಂದೆ ಓದಿ ಮುಗಿಸಿ ಕೇಳಿದ: “ಗುರುಗಳೇ, ಕಂಡದ್ದನ್ನು ಚೆನ್ನಾಗಿ ಬರೆದರೆ ಸಾಕಲ್ಲವೇ? ಬರೆಯುವವನಿಗೆ ಬೇರೆ ಧರ್ಮ ಯಾಕೆ?”

“ಬೆನ್ನು ತಟ್ಟಿಕೊಳ್ಳುವುದಕ್ಕೆ ಮೊದಲು ಇದನ್ನು ಕೇಳು” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾದಂಬರಿಕಾರನಿದ್ದ. ಹೆಸರು ಮಾಡಿದವನೇ. ಆದರೆ ಕೆಲವು ವರ್ಷಗಳಿಂದ ಅವನಿಗೆ ಒಂದು ಸಾಲೂ ಹೊಳೆದಿರಲಿಲ್ಲ. ಬರೆಯಲಾಗದ ಕಾದಂಬರಿಕಾರನಷ್ಟು ಕಾಟ ಕೊಡುವ ಪ್ರಾಣಿ ಮನೆಯಲ್ಲಿ ಇನ್ನೊಂದಿಲ್ಲ. ಹೆಂಡತಿಗೆ ಸಾಕಾಗಿ, ನವರಾತ್ರಿ ಬಂದಿದೆ, ನಾಲ್ಕು ಮನೆಯ ಗೊಂಬೆಯನ್ನಾದರೂ ನೋಡಿಕೊಂಡು ಬನ್ನಿ ಎಂದು ಅವನನ್ನು ಹೊರಗೆ ಅಟ್ಟಿದಳು.

ಆ ಊರಿನಲ್ಲಿ ಗೊಂಬೆ ಕೂರಿಸುವವರು ಮೆಟ್ಟಿಲುಗಳ ಕೆಳಗೆ ಪುಟ್ಟ ತೋಟವನ್ನೂ ಮಾಡುತ್ತಿದ್ದರು. ಪಿತೃಪಕ್ಷದಲ್ಲೇ ತಟ್ಟೆಗೆ ಮಣ್ಣು ಹಾಕಿ ರಾಗಿ ಚೆಲ್ಲಿಟ್ಟರೆ ಹಬ್ಬದ ಹೊತ್ತಿಗೆ ಹಸಿರು ಎದ್ದು ನಿಲ್ಲುತ್ತಿತ್ತು. ಕನ್ನಡಿಯ ಚೂರೇ ಕೆರೆ, ಮರಳೇ ದಾರಿ. ಅವನು ಬೀದಿ ಬೀದಿ ಸುತ್ತಿದ. ರಾಜರಾಣಿಯರನ್ನು ನೋಡಿದ, ಅಂಗಡಿ ಇಟ್ಟು ಕುಳಿತ ಸೆಟ್ಟಿ ಗೊಂಬೆಗಳನ್ನು ನೋಡಿದ, ಕೊಟ್ಟ ಉಸಲಿ ತಿಂದ. ಯಾವುದೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ.

ಒಬ್ಬ ತಾಯಿಯ ಮನೆಯಲ್ಲಿ ಮಾತ್ರ ನಿಂತ. ಅವಳ ತೋಟದಲ್ಲಿ ಉದ್ದದ ದಾರಿ, ದಾರಿಯ ಕೊನೆಗೆ ಒಂದು ಪುಟ್ಟ ಮನೆಯ ಬಾಗಿಲು. ದಾರಿಯ ಮೇಲೆ ಕೈಯಲ್ಲಿ ಗಂಟು ಹಿಡಿದ ಮಣ್ಣಿನ ಹುಡುಗಿ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಆ ತಾಯಿ ಹುಡುಗಿಯನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಿದ್ದಳು. ಅವನು ಅದನ್ನು ನೋಡಲೆಂದೇ ದಿನವೂ ಬಂದ. ವಿಜಯದಶಮಿಯ ಆರತಿಯಾದ ಮೇಲೆ ಪದ್ಧತಿಯಂತೆ ಗೊಂಬೆಗಳನ್ನು ಮಲಗಿಸಿದರು. ಹುಡುಗಿ ಇನ್ನೂ ಬಾಗಿಲು ಮುಟ್ಟಿರಲಿಲ್ಲ. ತಾಯಿ ಅವಳೊಬ್ಬಳನ್ನು ಮಲಗಿಸದೆ ಕಿಟಕಿಯಲ್ಲಿ ನಿಲ್ಲಿಸಿದಳು.

“ಇವಳನ್ನೇಕೆ ಮಲಗಿಸಲಿಲ್ಲ, ಅಮ್ಮ?”

“ದಾರೀಲಿರೋಳನ್ನ ಹ್ಯಾಗಪ್ಪ ಮಲಗಿಸೋದು? ನನ್ನ ಮಗಳು ಪದ್ದಿ ಇನ್ನೂ ಬರ್ತಾ ಇದ್ದಾಳೆ.”

ಹಿಂದೊಂದು ನವರಾತ್ರಿಗೆ ಪದ್ದಿ ಗಂಡನ ಮನೆಯಿಂದ ಹೊರಟಿದ್ದಳು. ತವರು ಮುಟ್ಟಲಿಲ್ಲ. ಹುಡುಕಿದವರಿಗೆ ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಸುದ್ದಿ ಇಲ್ಲದಿರುವುದನ್ನೇ ಹಿಡಿದುಕೊಂಡು ಆ ತಾಯಿ ಬದುಕಿದ್ದಳು.

ಕಾದಂಬರಿಕಾರ ಅತ್ತ. ಅವನ ಅಳು ಸುಳ್ಳಲ್ಲ. ಅಳುತ್ತಲೇ ಮನೆಗೆ ಹೋಗಿ ಬರೆಯಲು ಕುಳಿತ, ಕಟ್ಟೆ ಒಡೆದಂತೆ ಬರೆದ. ಕೊನೆಯಲ್ಲಿ ಮಾತ್ರ ತೊಡಕಾಯಿತು. ಹುಡುಗಿಯನ್ನು ದಾರಿಯಲ್ಲೇ ಬಿಟ್ಟರೆ ಓದುವವರು ಒಪ್ಪುವುದಿಲ್ಲ ಎನ್ನಿಸಿತು. ದಾರಿಯ ಪಕ್ಕ ಒಂದು ಬಾವಿ ತೋಡಿಸಿದ. ಅದರ ಕಟ್ಟೆಯ ಮೇಲೆ ಅವಳನ್ನು ಕೂರಿಸಿದ. ಸೆರಗಿನ ತುದಿಗೆ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿ, ಅವಳು ಬಾವಿಗೆ ಬಿದ್ದಳೆಂದು ಬರೆದ. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಅವನು ಹಣ್ಣು ಹೂವಿನ ಜೊತೆ ಮೊದಲ ಪ್ರತಿಯನ್ನು ಆ ತಾಯಿಗೇ ಕೊಟ್ಟು ನಮಸ್ಕಾರ ಮಾಡಿ ಬಂದಿದ್ದ.

ಮುಂದಿನ ನವರಾತ್ರಿಗೆ ಅವನ ತಲೆ ಮತ್ತೆ ಬರಿದಾಗಿತ್ತು. ರುಚಿ ಕಂಡ ಬೆಕ್ಕು. ನೇರವಾಗಿ ಅದೇ ಮನೆಗೆ ಹೋದ. ಬಾಗಿಲಿಗೆ ತೋರಣವಿರಲಿಲ್ಲ. ಒಳಗೆ ಮೆಟ್ಟಿಲು ಕಟ್ಟಿರಲಿಲ್ಲ, ರಾಗಿಯ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟಿದ್ದರು. ಕಿಟಕಿ ಖಾಲಿ.

“ಸಾವಾದ ಮನೇಲಿ ವರ್ಷ ತುಂಬೋವರೆಗೂ ಗೊಂಬೆ ಕೂರಿಸೋ ಹಾಗಿಲ್ಲವಲ್ಲಪ್ಪ” ಎಂದಳು ತಾಯಿ. “ನಿನ್ನ ಪುಸ್ತಕ ಓದಿ ಆ ಗೊಂಬೇನ ಮಲಗಿಸಿಬಿಟ್ಟೆ. ಈ ಸಲ ರಾಗಿ ಚೆಲ್ಲೋ ಹೊತ್ತಿಗೆ ಪದ್ದಿ ಹೆಸರಲ್ಲಿ ಎಳ್ಳುನೀರು ಬಿಡಿಸಿದೆ.”

“ಅಮ್ಮ, ಅದು ಕಟ್ಟುಕತೆ. ಬಾವಿ ನಾನು ಕಲ್ಪಿಸಿದ್ದು. ನಾನು ಏನನ್ನೂ ನೋಡಿಲ್ಲ.”

“ಸೆರಗಿಗೆ ಗಂಟು ಹಾಕಿ ಬಿಚ್ಚೋಳು ಅಂತ ಬರೆದಿದ್ದೀಯಲ್ಲ. ಹೆದರಿಕೆ ಆದಾಗ ನಮ್ಮ ಪದ್ದಿ ಹಾಗೇ ಮಾಡೋಳು. ನಾನು ನಿನಗೆ ಹೇಳಿರಲಿಲ್ಲ. ರವಿ ಕಾಣದ್ದನ್ನ ಕವಿ ಕಾಣ್ತಾನೆ ಅಂತಾರೆ. ನೀನು ಕಂಡಿದ್ದೀಯ. ನನಗೆ ನೋವಾಗದೆ ಇರಲಿ ಅಂತ ಈಗ ಇಲ್ಲ ಅಂತಿದ್ದೀಯ.”

ಅವನು ಅವಳ ಕಾಲು ಹಿಡಿದ. ತಾನು ಸುಳ್ಳುಗಾರ ಎಂದ, ಮಕ್ಕಳ ಮೇಲೆ ಆಣೆ ಇಟ್ಟ. ಅವಳು ಅವನ ತಲೆ ಸವರಿ, ಕುಡಿಯಲು ನೀರು ಕೊಟ್ಟು, ಒಳ್ಳೆಯವನಪ್ಪ ನೀನು ಎಂದು ಕಳಿಸಿಕೊಟ್ಟಳು. ಆ ಕಿಟಕಿಯಲ್ಲಿ ಮತ್ತೆ ಯಾರೂ ನಿಲ್ಲಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ನಿಜಗುಣ ತನ್ನ ಕೈಯಲ್ಲಿದ್ದ ಹಾಳೆಗಳನ್ನು ಮಡಿಸಿದ. “ಆ ಹುಡುಗಿ ನಿಜವಾಗಿಯೂ ಸತ್ತಿದ್ದಳೇ?” ಎಂದು ಕೇಳಿದ.

“ಅದು ಯಾರಿಗೂ ಗೊತ್ತಿಲ್ಲ. ಅವನು ಒಂದಿಷ್ಟು ಕೆಟ್ಟದಾಗಿ ಬರೆದಿದ್ದರೆ, ಆ ತಾಯಿ ಈ ವರ್ಷವೂ ರಾಗಿ ಚೆಲ್ಲುತ್ತಿದ್ದಳು.”