ಎಂಟನೆಯ ಬಾಗಿಲು

“ಹೊನ್ನಗುಡ್ಡದ ಪ್ರಜೆಗಳೆಲ್ಲ ಕೇಳಿ. ಮಹಾರಾಜ ಕೀರ್ತಿಪಾಲರ ಮಗಳು ಇಂದುಲೇಖೆ ಕಟ್ಟಿದ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿಯ ಕೈಹಿಡಿಯುವ ಭಾಗ್ಯ, ಜೊತೆಗೆ ಅವನು ಬೇಡಿದ್ದೊಂದು. ತಪ್ಪಿದವನ ತಲೆ ಹುಣ್ಣಿಮೆಯ ಬೆಳಿಗ್ಗೆ ಹೋಗುತ್ತದೆ.”

ಡಂಗುರದವನು ಕುಂಬಾರ ಬೀದಿಯಲ್ಲಿ ಇದನ್ನು ಸಾರಿದ್ದು ಅದು ಮೂರನೆಯ ಸಲ. ಮೊದಲ ಸಲ ಕೇಳಿದಾಗಲೇ ಹಾಲಪ್ಪನ ಅಣ್ಣ ಕರಿಯಣ್ಣ ಹೊಸ ರುಮಾಲು ಸುತ್ತಿಕೊಂಡು ಅರಮನೆಗೆ ಹೋಗಿದ್ದ. ಈಗ ಸೆರೆಮನೆಯಲ್ಲಿದ್ದ. ಹುಣ್ಣಿಮೆಗೆ ಒಂದೇ ದಿನ ಉಳಿದಿತ್ತು.

ಹಾಲಪ್ಪ ಹುಟ್ಟುಕುರುಡ. ಸುಟ್ಟು ತೆಗೆದ ಪ್ರತಿ ಗಡಿಗೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ಕೂದಲೆಳೆಯ ಬಿರುಕನ್ನೂ ಹಿಡಿಯುವುದು ಅವನ ಕೆಲಸ. ಅವನು ಒಪ್ಪದ ಗಡಿಗೆ ಆ ಬೀದಿಯಿಂದ ಸಂತೆಗೆ ಹೋಗುತ್ತಿರಲಿಲ್ಲ. ನಡೆಯುವಾಗ ನಾಲಗೆಯನ್ನು ಅಂಗುಳಿಗೆ ಬಡಿದು ಟಕ್ ಟಕ್ ಎನಿಸುತ್ತಿದ್ದ. ಆ ಸದ್ದು ಗೋಡೆಗೆ ತಾಗಿ ಬಂದರೆ ಒಂದು ಬಗೆ, ಹುಲ್ಲಿನ ಬಣವೆಗೆ ತಾಗಿದರೆ ಇನ್ನೊಂದು ಬಗೆ, ಓಣಿ ತೆರೆದುಕೊಂಡ ಕಡೆ ಹೋದದ್ದು ವಾಪಸ್ಸೇ ಇಲ್ಲ. ಬೀದಿಯವರು ಅದನ್ನು ಚಾಳಿ ಎಂದು ನಗುತ್ತಿದ್ದರು. ನಗದೆ ಇದ್ದವನು ಕರಿಯಣ್ಣ ಒಬ್ಬನೇ. ಅಂಥ ಅಣ್ಣನನ್ನು ಕಳೆದುಕೊಂಡು ಬದುಕುವ ಮನಸ್ಸು ಹಾಲಪ್ಪನಿಗಿರಲಿಲ್ಲ. ಬೀದಿಯವರು ಎಷ್ಟು ಬೈದರೂ ಕೇಳದೆ ಡಂಗುರದವನ ಬೆನ್ನು ಹಿಡಿದು ಹೊರಟೇಬಿಟ್ಟ.

ಸಭೆಯಲ್ಲಿ ಅವನಿಗಿಂತ ಮುಂಚೆ ಇಬ್ಬರಿದ್ದರು. ಒಬ್ಬ ಪಕ್ಕದ ಸೀಮೆಯ ರಾಜಕುಮಾರ, ಕಾಲಿಟ್ಟಲ್ಲೆಲ್ಲ ಸೊಂಟದ ಕತ್ತಿ ಕಿಣಿಕಿಣಿ ಎನ್ನುತ್ತಿತ್ತು. ಇನ್ನೊಬ್ಬ ಶಾಸ್ತ್ರಗಳನ್ನೆಲ್ಲ ಅರೆದು ಕುಡಿದ ಪಂಡಿತ.

ಮಹಾರಾಜರು ಮೊದಲ ಒಗಟು ಹೇಳಿದರು. “ಮನೆ ತುಂಬಿದರೆ ಅಡಗುತ್ತದೆ, ಮನೆ ಬರಿದಾದರೆ ಕೂಗುತ್ತದೆ. ಆದರೆ ಕೂಗಿದ ಒಂದು ಮಾತೂ ತನ್ನದಲ್ಲ. ಏನದು?”

ರಾಜಕುಮಾರ ಹಸಿವು ಎಂದ. ಭಟರು ಎಳೆದೊಯ್ದರು, ಕಿಣಿಕಿಣಿ ಹೊಸಿಲಾಚೆ ಅಡಗಿತು. ಪಂಡಿತ ತುಂಬ ಹೊತ್ತು ಯೋಚಿಸಿ ಗಿಳಿ ಎಂದ. ಅವನಿಗೂ ಅದೇ ಗತಿಯಾಯಿತು. ಹಾಲಪ್ಪ ಮುಂದೆ ಬಂದ.

“ಮಾರ್ದನಿ, ಬುದ್ಧಿ. ಕೋಣೆ ತುಂಬ ಗಡಿಗೆ ಜೋಡಿಸಿದ್ದಾಗ ಅದು ಸುಮ್ನಿರ್ತದೆ. ಸಂತೆಗೆ ಎಲ್ಲಾ ಸಾಗಿಸಿದ ಮೇಲೆ ನಾವು ಕೆಮ್ಮಿದ್ರೆ ತಾನೂ ಕೆಮ್ತದೆ.”

ಸಭೆಯಲ್ಲಿ ಒಂದಿಬ್ಬರು ನಕ್ಕರು. ಮಹಾರಾಜರು ನಗಲಿಲ್ಲ. “ಒಂದೇ ಮನೆಗೆ ಎರಡು ಜೋಡಿ ಬಾಗಿಲು. ಒಂದು ಜೋಡಿಗೆ ಕದವುಂಟು, ಯಜಮಾನ ಮಲಗಿದರೆ ಮುಚ್ಚುತ್ತದೆ. ಇನ್ನೊಂದಕ್ಕೆ ಕದವೇ ಇಲ್ಲ, ಮಲಗಿದವನನ್ನು ಎಬ್ಬಿಸುವುದು ಅದೇ. ಯಾವುವು?”

“ಕಣ್ಣು, ಕಿವಿ. ನನ್ನ ಮನೇಲಿ ಒಂದು ಜೋಡಿ ಯಾವತ್ತೂ ತೆರೀಲಿಲ್ಲ ಬುದ್ಧಿ. ಅದಕ್ಕೇ ಇನ್ನೊಂದು ಜೋಡಿ ಎರಡರ ದುಡಿಮೆ ದುಡೀತದೆ.”

ಈಗ ಯಾರೂ ನಗಲಿಲ್ಲ.

“ಮೂರನೆಯದು ಬಾಯಲ್ಲಿ ಬಿಡಿಸುವುದಲ್ಲ” ಎಂದರು ಮಹಾರಾಜರು. “ಎದುರು ಗೋಡೆಯಲ್ಲಿ ನನ್ನ ಮಗಳ ಕೋಣೆಯ ಬಾಗಿಲಿದೆ. ಕಾಣುವಲ್ಲಿ ಅದಿಲ್ಲ, ಇರುವಲ್ಲಿ ಕಾಣುವುದಿಲ್ಲ. ಹೋಗಿ ಕೈಯಿಡು. ಒಂದೇ ಸಲ.”

ಪಕ್ಕದಲ್ಲಿದ್ದ ಭಟನಿಗೆ ಮರುಕ ಬಂತು. ಗೋಡೆಯಲ್ಲಿ ಏಳು ಬಾಗಿಲು ಕಾಣುತ್ತವೆಂದೂ, ಮೊದಲೆರಡು ಒಗಟು ಬಿಡಿಸಿದ ಕರಿಯಣ್ಣ, ಮೂರನೆಯ ಬಾಗಿಲಿನ ಹೊಸಿಲು ಸವೆದಿದೆಯೆಂದು ನಂಬಿ ಅದನ್ನೇ ಮುಟ್ಟಿ ಕೆಟ್ಟನೆಂದೂ ಪಿಸುಗುಟ್ಟಿದ.

ಹಾಲಪ್ಪ ನಾಲಗೆ ಬಡಿಯಲು ಹೋದ. ಹೆದರಿಕೆಗೆ ಬಾಯಿ ಒಣಗಿ ಸದ್ದೇ ಬರಲಿಲ್ಲ. ಸಭೆ ಗುಜುಗುಜು ಎನ್ನುತ್ತಿತ್ತು. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರಬೇಕೆಂದು ಬೇಡಿಕೊಂಡ. ಉಗುಳು ನುಂಗಿ, ಮತ್ತೆ ಬಡಿದ.

ಟಕ್. ಕಲ್ಲು. ಒಂದು ಹೆಜ್ಜೆ ಸರಿದ. ಟಕ್. ಕಲ್ಲು. ಗೋಡೆಯುದ್ದಕ್ಕೂ ಹೀಗೆಯೇ ನಡೆದ. ಮೂರನೆಯ ಬಾಗಿಲೂ ಕಲ್ಲು, ಐದನೆಯದೂ ಕಲ್ಲು. ಐದು ಆರರ ನಡುವೆ, ಕಣ್ಣಿದ್ದವರಿಗೆ ಬೋಳು ಗೋಡೆ ಕಾಣುವ ಕಡೆ, ಸದ್ದು ನೇತುಹಾಕಿದ ಕಂಬಳಿಗೆ ತಾಗಿದಂತೆ ಮೆತ್ತಗಾಯಿತು. ಅದರ ಹಿಂದಿನಿಂದ ತಡವಾಗಿ, ಟೊಳ್ಳಾಗಿ ಇನ್ನೊಂದು ಸದ್ದು ಬಂತು. ಬಿರುಕು ಬಿಟ್ಟ ಗಡಿಗೆ ಅವನಿಗೆ ಸುಳ್ಳು ಹೇಳಿದ್ದೇ ಇಲ್ಲ. ಈ ಗೋಡೆಯೂ ಹೇಳಲಾರದು ಎಂದುಕೊಂಡು ಕೈಯಿಟ್ಟ. ಬಣ್ಣ ಬಳಿದ ಬಟ್ಟೆ ಕೈಯಡಿ ಒಳಸರಿಯಿತು.

ಆಗ ಒಳಗಿನಿಂದ ಟಕ್ ಎಂದಿತು. ಹಾಲಪ್ಪ ನಾಲಗೆ ಬಡಿದಿರಲಿಲ್ಲ.

“ಗೋಡೆ ಇದ್ದದ್ದನ್ನು ಇದ್ದ ಹಾಗೆ ಹೇಳ್ತದೆ, ಅಲ್ವಾ?” ಎಂದಳು ಒಳಗಿನ ಹೆಣ್ಣು.

ಮಹಾರಾಜರು ಸಿಂಹಾಸನ ಬಿಟ್ಟಿಳಿದು ಎಲ್ಲವನ್ನೂ ಬಾಯಿಬಿಟ್ಟರು. ಏಳು ಬಾಗಿಲೂ ಚಿತ್ರಗಾರ ಬರೆದವು, ಸವೆದ ಹೊಸಿಲೂ ಅವನ ಕುಂಚದ್ದೇ. ಸಿಡುಬಿನಲ್ಲಿ ಇಂದುಲೇಖೆಯ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ನಾಲಗೆ ಬಡಿಯುತ್ತ ತಾನು ಬಾಗಿಲು ಹುಡುಕುವ ಹಾಗೆ ಹುಡುಕುವವನೇ ತನ್ನ ಗಂಡ ಎಂದು ಹಟ ಹಿಡಿದವಳು ಅವಳು. ಮಗಳ ಕಣ್ಣು ಹೋದ ಸುದ್ದಿ ಹೊರಬಿದ್ದೀತೆಂಬ ನಾಚಿಕೆಗೆ, ಹೆಚ್ಚು ಜನ ಬಾರದಿರಲೆಂದು ತಲೆಯ ಶರತ್ತು ಸೇರಿಸಿದವರು ಮಹಾರಾಜರು.

“ನಾಚಿಕೆ ಪಡೋ ಅಂಥದ್ದು ಇದರಲ್ಲಿ ಏನೂ ಇಲ್ಲ ಬುದ್ಧಿ” ಎಂದ ಹಾಲಪ್ಪ. “ನಾನು ಬೇಡೋದು ಒಂದೇ. ಸೆರೇಲಿರೋರೆಲ್ಲ ಮನೆಗೆ ಹೋಗ್ಲಿ. ಅವರಲ್ಲಿ ನಮ್ಮಣ್ಣನೂ ಇದ್ದಾನೆ.”

ಹುಣ್ಣಿಮೆಯ ಬೆಳಿಗ್ಗೆ ಸೆರೆಮನೆ ಬರಿದಾಯಿತು, ಒಂದು ತಲೆಯೂ ಹೋಗಲಿಲ್ಲ. ಕರಿಯಣ್ಣ ತಮ್ಮನನ್ನು ತಬ್ಬಿಕೊಂಡು ಮನಸಾರೆ ಅತ್ತ. ಅಂದೇ ಮದುವೆಯಾಗಿ ಮೆರವಣಿಗೆ ಕುಂಬಾರ ಬೀದಿಗೆ ಬಂತು. ಹಿಂದೆ ನಗುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದು ದಾರಿಯ ಎರಡೂ ಕಡೆ ನಿಂತರು, ಏಕೆಂದರೆ ಪಲ್ಲಕ್ಕಿ ಬೇಡವೆಂದು ಗಂಡಹೆಂಡತಿ ಟಕ್ ಟಕ್ ಎನಿಸುತ್ತ ನಡೆದೇ ಬರುತ್ತಿದ್ದರು. ಕರಿಯಣ್ಣ ಸಡಗರದಲ್ಲಿ ಅವರ ಮುಂದೆ ಬಂದು, ದಾರಿ ತೋರಿಸುತ್ತೇನೆಂದು ಕೈ ಚಾಚಿದ.

“ಸ್ವಲ್ಪ ಪಕ್ಕಕ್ಕೆ ಬನ್ನಿ ಬಾವ” ಎಂದಳು ರಾಜಕುಮಾರಿ. “ನೀವು ಅಡ್ಡ ನಿಂತಿದ್ದೀರಿ, ನಮ್ಮ ಮನೆ ಬಾಗಿಲು ಕೇಳಿಸ್ತಾ ಇಲ್ಲ.”